ವೇಗ ಇಳಿಸದಿದ್ದರೆ ದುಬಾರಿ ಪಂಪ್ ಯಾಕೆ?

ಮಾನ್ಯರೇ,

ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳು ಕರೆಂಟ್ ಉಳಿಸಲೆಂದು ಈಜುಕೊಳಕ್ಕೆ ವೇಗ ಬದಲಿಸಬಹುದಾದ ಪಂಪ್ ಹಾಕಿಸುತ್ತಿವೆ. ಒಳ್ಳೆಯದೇ. ಆದರೆ ಹೊಸ ಪಂಪನ್ನೂ ಹಳೆಯದರಂತೆ ಪೂರ್ಣ ವೇಗದಲ್ಲಿ, ಅಷ್ಟೇ ಹೊತ್ತು ಓಡಿಸಿದರೆ ಬಿಲ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಉಳಿತಾಯವಿರುವುದು ವೇಗ ಇಳಿಸಿ ಹೆಚ್ಚು ಹೊತ್ತು ಓಡಿಸುವುದರಲ್ಲಿ.

ಪಂಪಿನ ವೇಗ ಅರ್ಧಕ್ಕಿಳಿದರೆ ನೀರಿನ ಹರಿವೂ ಅರ್ಧವಾಗುತ್ತದೆ, ಆದರೆ ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೋಟರ್ ಮತ್ತು ಡ್ರೈವ್‌ನ (ಮೋಟರ್ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ನಷ್ಟ ಸೇರಿಸಿದರೆ ಆರನೇ ಒಂದು ಭಾಗ ಎನ್ನಬಹುದು. 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 1,08,000 ಲೀಟರ್ ನೀರು. ಗಂಟೆಗೆ 18,000 ಲೀಟರ್ ಎಳೆಯುವ, 1.4 ಕಿಲೋವಾಟ್ ತಿನ್ನುವ ಪಂಪ್ ದಿನಕ್ಕೆ 12 ಗಂಟೆ ಓಡಿದರೆ ನೀರು ಎರಡು ಸುತ್ತು ಫಿಲ್ಟರ್ ಆಗುತ್ತದೆ, 16.8 ಯೂನಿಟ್ ಖರ್ಚು. ಅದರ ಬದಲು ಜನ ಇಳಿಯುವ ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಪೂರ್ಣ ವೇಗ, ಉಳಿದ ಹೊತ್ತಿನಲ್ಲಿ 12 ಗಂಟೆ ಅರ್ಧ ವೇಗ ಇಟ್ಟರೆ ಅದೇ ಎರಡು ಸುತ್ತಿಗೆ ಸುಮಾರು 11.2 ಯೂನಿಟ್ ಸಾಕು. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,100 ರೂಪಾಯಿ ಚಿಲ್ಲರೆ ಉಳಿತಾಯ. ಮಂಜೂರಾದ ಲೋಡ್‌ನ ಮೇಲಿನ ನಿಗದಿತ ಶುಲ್ಕ ಮಾತ್ರ ಇದರಿಂದ ಇಳಿಯುವುದಿಲ್ಲ.

ಶೇ 80ರಷ್ಟು ಉಳಿತಾಯ ಎಂಬ ಕ್ಯಾಟಲಾಗ್ ಮಾತು ನಂಬಿ ಲೆಕ್ಕ ಹಾಕಬೇಡಿ. ಅಂಥ ಅಂಕಿ ಬರುವುದು ಅಮೆರಿಕದ ಮನೆಗಳಂಥ ಖಾಸಗಿ ಕೊಳಗಳಲ್ಲಿ. ಅಲ್ಲಿ ಈಜುಕೊಳದ ಪಂಪ್‌ಗಳಿಗೆ 2021ರ ಜುಲೈನಿಂದ ಇಂಧನ ದಕ್ಷತೆಯ ನಿಯಮವೇ ಜಾರಿಯಲ್ಲಿದೆ. ನಾಲ್ಕು ಜನ ಈಜುವ ಕೊಳಕ್ಕೆ ದಿನವಿಡೀ ಕಡಿಮೆ ವೇಗ ನಡೆದೀತು. ನೂರಾರು ಫ್ಲಾಟ್‌ಗಳ ಮಕ್ಕಳು ಒಟ್ಟಿಗೆ ಇಳಿಯುವ ಕೊಳದಲ್ಲಿ ಹಾಗೆ ಮಾಡಿದರೆ ಎರಡೇ ದಿನಕ್ಕೆ ನೀರು ಮಬ್ಬಾಗುತ್ತದೆ.

ವೇಗ ಇಳಿಸಿದಾಗ ಕೈಕೊಡುವ ಸಂಗತಿಗಳೂ ಇವೆ. ಮೇಲ್ಮೈಯ ಕಸ ಎಳೆದುಕೊಳ್ಳುವ ಸ್ಕಿಮ್ಮರ್‌ನ ಎಳೆತ ಸಾಲದೆ ಎಲೆ, ಕೂದಲು ಮೇಲೆಯೇ ತೇಲುತ್ತವೆ. ದಿನಕ್ಕೆರಡು ಬಾರಿ ಅರ್ಧ ಗಂಟೆ ವೇಗ ಏರಿಸಬೇಕು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಕ್ಲೋರಿನೇಟರ್ ಇದ್ದರೆ ಹರಿವು ಸಾಲದೆ ಅದರ ಫ್ಲೋ ಸ್ವಿಚ್ (ನೀರಿನ ಹರಿವು ಗುರುತಿಸುವ ಸ್ವಿಚ್) ಆಫ್ ಆಗುತ್ತದೆ. ಸ್ವಿಚ್ ಆಫ್ ಆಗದಂಥ ಅತಿ ಕಡಿಮೆ ವೇಗ ಯಾವುದೆಂದು ಒಮ್ಮೆ ನೋಡಿಟ್ಟುಕೊಂಡು ಅದಕ್ಕಿಂತ ತುಸು ಮೇಲೆ ನಿಲ್ಲಿಸಿ. ನೀರನ್ನು ಹಿಮ್ಮುಖವಾಗಿ ಹರಿಸಿ ಮರಳಿನ ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್‌ಗೆ ಪೂರ್ಣ ವೇಗವೇ ಬೇಕು, ಇಲ್ಲದಿದ್ದರೆ ಮರಳು ಮೇಲೇಳದೆ ಕೊಳೆ ಒಳಗೇ ಉಳಿಯುತ್ತದೆ. ಇನ್ನೊಂದು, ಅರ್ಧ ವೇಗದಲ್ಲಿ ಪ್ರೆಶರ್ ಗೇಜ್ ಮುಳ್ಳು ಕೆಳಗೇ ಇರುತ್ತದೆ, ಫಿಲ್ಟರ್ ಕಟ್ಟಿಕೊಂಡದ್ದು ಗೊತ್ತೇ ಆಗುವುದಿಲ್ಲ. ಬ್ಯಾಕ್‌ವಾಶ್ ಆದ ತಕ್ಷಣ ಪೂರ್ಣ ವೇಗದ ಪ್ರೆಶರ್ ಬರೆದಿಡಿ. ಮುಂದೆ ಅದೇ ವೇಗದಲ್ಲಿ ನೋಡಿದಾಗ ಅರ್ಧ ಬಾರ್ ಏರಿದ್ದರೆ ಮತ್ತೆ ಬ್ಯಾಕ್‌ವಾಶ್ ಮಾಡಿ. ಹರಿವು ಕಡಿಮೆ ಮಾಡಲು ವಾಲ್ವ್ ಅರ್ಧ ಮುಚ್ಚುವ ಹಳೇ ಅಭ್ಯಾಸವನ್ನಂತೂ ಬಿಡಬೇಕು. ವಾಲ್ವ್ ಪೂರ್ತಿ ತೆರೆದು ವೇಗವನ್ನೇ ಇಳಿಸಿ.

ಹಳೇ ಮೋಟರ್‌ಗೇ ವಿಎಫ್‌ಡಿ, ಅಂದರೆ ವೇಗ ಬದಲಿಸುವ ಡ್ರೈವ್, ಕಟ್ಟಿಸಬಹುದು, ಆದರೆ ಮೋಟರ್ ಥ್ರೀ ಫೇಸ್ ಆಗಿರಬೇಕು. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟರ್‌ಗೆ ಕಟ್ಟಿದರೆ ಬಿಸಿಯಾಗಿ ಸುಡುವುದೇ ಹೆಚ್ಚು. ಡ್ರೈವ್ ಹಾಕಿದ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿದು ಶಾಕ್‌ನಿಂದ ಕಾಯುವ ಸ್ವಿಚ್) ಆಗಾಗ ಟ್ರಿಪ್ ಆಗುವುದುಂಟು. ಅದಕ್ಕಾಗಿ ಅದನ್ನು ಬೈಪಾಸ್ ಮಾಡುವ ಎಲೆಕ್ಟ್ರಿಷಿಯನ್‌ನನ್ನು ಪಂಪ್ ರೂಮಿಗೆ ಬಿಡಲೇಬೇಡಿ. ಡ್ರೈವ್‌ಗೆ ಒಪ್ಪುವ ಬಗೆಯ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಇದೇ ಲೆಕ್ಕ ತೋರಿಸಿ ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕ್‌ಗೆ ನೀರೇರಿಸುವ ಪಂಪ್‌ಗೂ ಡ್ರೈವ್ ಮಾರಲು ಬರುತ್ತಾರೆ. ಕೊಳದ ನೀರು ಸುತ್ತಿ ಕೊಳಕ್ಕೇ ಮರಳುವುದರಿಂದ ಅಲ್ಲಿ ಪೈಪ್ ಮತ್ತು ಫಿಲ್ಟರ್‌ನ ತಡೆ ಮಾತ್ರ ಮೀರಿದರೆ ಸಾಕು. ಹತ್ತು ಮಹಡಿ ಏರಿಸುವ ಪಂಪ್‌ನ ವೇಗ ಅರ್ಧಕ್ಕಿಳಿಸಿದರೆ ನೀರು ಟ್ಯಾಂಕ್ ಮುಟ್ಟುವುದೇ ಇಲ್ಲ, ಕರೆಂಟ್ ಮಾತ್ರ ಉರಿಯುತ್ತದೆ.

ಕೊಟೇಶನ್ ಕೇಳುವಾಗ ಎಚ್‌ಪಿ ಒಂದನ್ನೇ ನೋಡದೆ, ಪೂರ್ಣ ಮತ್ತು ಅರ್ಧ ವೇಗದಲ್ಲಿ ಎಷ್ಟು ವಾಟ್, ಗಂಟೆಗೆ ಎಷ್ಟು ಲೀಟರ್ ಎಂಬುದನ್ನು ಬರೆದುಕೊಡುವಂತೆ ಕೇಳಿ. ಪಂಪ್ ಲೈನ್‌ಗೊಂದು ಸಬ್‌ಮೀಟರ್ ಹಾಕಿಸಿದರೆ ಮೊದಲ ತಿಂಗಳಲ್ಲೇ ಅವರ ಲೆಕ್ಕ ನಿಜವೋ ಸುಳ್ಳೋ ತಿಳಿಯುತ್ತದೆ.

– ಪಂಪ್ ನಿರ್ವಹಣಾ ಎಂಜಿನಿಯರ್, ಬೆಂಗಳೂರು