ಆ ಸೂಟನ್ನು ನಾನು ಟೈಟ್ ಮಾಡುವುದಿಲ್ಲ

ಬದಿಯಡ್ಕ

ಪ್ರೀತಿಯ ಮಗಳೇ,

ಹೆಲಿಕಾಪ್ಟರ್ ಹಾರಿಸುವಾಗ ಹಾಕಲು ಅಂತ ನೀನು ಕಳಿಸಿದ ಎರಡು ಫ್ಲೈಟ್ ಸೂಟೂ ಬಂದವು. ಕಂಪೆನಿ ಕೊಟ್ಟದ್ದು ಗೋಣಿಚೀಲದ ಹಾಗಿದೆ, ಸೊಂಟದಲ್ಲಿ ಎರಡಿಂಚು ಹಿಡಿದು ಕೊಡಮ್ಮಾ ಅಂತ ಚೀಟಿ ಇಟ್ಟಿದ್ದೀಯ. ಆನ್‌ಲೈನಲ್ಲಿ ತರಿಸಿದ ನೀಲಿಯದ್ದು ಸರಿಯಾಗಿ ಕೂರುತ್ತದಂತೆ, ಕಾಲು ಮಾತ್ರ ಗಿಡ್ಡ ಮಾಡಬೇಕಂತೆ. ಎರಡನ್ನೂ ಮಾಡಿಲ್ಲ. ಯಾಕೆ ಅಂತ ಫೋನಲ್ಲಿ ಹೇಳಲು ಹೊರಟರೆ "ಆಯ್ತಮ್ಮಾ, ಆಯ್ತಮ್ಮಾ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೀಲಿಯದ್ದು. ಚಂದ ಇದೆ, ಸುಳ್ಳು ಹೇಳುವುದಿಲ್ಲ. ತೋಳಿನಲ್ಲಿ ಪೆನ್ನಿನ ಜೇಬು, ಎದೆಗೆ ರೆಕ್ಕೆಯ ಬ್ಯಾಡ್ಜು, ಎಲ್ಲ ಉಂಟು. ಕಾಲಿನ ಮಡಿಕೆ ಬಿಚ್ಚಿ, ಒಳಗಿನ ಮಾರ್ಜಿನ್‌ನಿಂದ ಒಂದು ಎಳೆ ತೆಗೆದು, ಇಕ್ಕುಳದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿದೆ. ಎಳೆ ಹಿಂದಕ್ಕೆ ಸುರುಟಿತು, ಕರಗಿತು, ತೊಟ್ಟಿಕ್ಕಿತು. ತಣಿದ ಮೇಲೆ ತುದಿಯಲ್ಲಿ ಒಂದು ಕಪ್ಪು ಮಣಿ. ಉಗುರಿನಲ್ಲಿ ಒತ್ತಿದರೂ ಒಡೆಯುವುದಿಲ್ಲ. ಇನ್ನೇನು ಬೇಕು, ಪಾಲಿಯೆಸ್ಟರ್! ಬಟ್ಟೆ ಯಾವುದೆಂದು ಅನುಮಾನ ಬಂದರೆ ಟೈಲರ್‌ಗಳು ಮಾಡುವುದು ಇದನ್ನೇ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಯಲ್ಲಿ ಕರಗುತ್ತದೆ. ನೈಲಾನ್ ಕೂಡ ಹೆಚ್ಚುಕಡಿಮೆ ಅಷ್ಟೇ, ಕೆಲವು ಬಗೆಯದ್ದು ಇನ್ನೂ ಮೊದಲೇ. ಕರಗಿದ್ದು ಚರ್ಮಕ್ಕೆ ಅಂಟಿತೆಂದರೆ ಬಿಡಿಸುವುದು ಸಾಧ್ಯವೇ ಇಲ್ಲ. ಅದನ್ನು ಹಾಕಿಕೊಂಡು ಬೇಕಾದರೆ ಫೋಟೋ ತೆಗೆಸಿಕೋ. ಹೆಲಿಕಾಪ್ಟರ್ ಹತ್ತಬೇಡ.

ಕಂಪೆನಿಯದ್ದರ ಎಳೆಗೂ ಅದೇ ಶಿಕ್ಷೆ ಕೊಟ್ಟೆ. ಕಪ್ಪಾಯಿತು, ಸ್ವಲ್ಪ ದಪ್ಪಗಾಯಿತು. ಕಡ್ಡಿ ದೂರ ಮಾಡಿದ ಕೂಡಲೇ ಉರಿ ನಿಂತಿತು. ಕರಗಲೇ ಇಲ್ಲ. ಲೇಬಲ್ ನೋಡಿದರೆ ನೂರರಲ್ಲಿ 93 ಪಾಲು ನೊಮೆಕ್ಸ್ ಅನ್ನುವ ನೂಲು, 5 ಕೆವ್ಲಾರ್ ಅನ್ನುವ ಗಟ್ಟಿ ನೂಲು, ಉಳಿದ 2 ಸ್ಟ್ಯಾಟಿಕ್ ತಡೆಯುವ ನೂಲು. ಇಂಧನ ತುಂಬುವ ಜಾಗದಲ್ಲಿ ಬಟ್ಟೆಯಿಂದ ಕಿಡಿ ಹಾರಬಾರದಲ್ವಾ, ಅದಕ್ಕೆ ಆ ಎರಡು ಪಾಲು. ನೊಮೆಕ್ಸ್ ಅನ್ನು 1960ರ ದಶಕದಲ್ಲಿ ಡುಪಾಂಟ್‌ನವರು ತಂದದ್ದು. ಬೆಂಕಿ ತಡೆಯುವ ಗುಣ ಆ ನೂಲಿನಲ್ಲೇ ಇದೆ, ಮೇಲೆ ಬಳಿದದ್ದಲ್ಲ. ಎಷ್ಟು ಒಗೆದರೂ ಹೋಗುವುದಿಲ್ಲ. ಮದ್ದು ಹಾಕಿ ಬೆಂಕಿ ತಡೆಯುವ ಹಾಗೆ ಮಾಡಿದ ಹತ್ತಿ ಬಟ್ಟೆಯ ಸೂಟೂ ಸಿಗುತ್ತದೆ. ಅದೂ ಕರಗುವುದಿಲ್ಲ, ಮೈಗೆ ಹಿತ, ಬೆಲೆಯೂ ಕಡಿಮೆ. ಆದರೆ ತೂಕ ಜಾಸ್ತಿ, ಒಗೆಯುವುದರಲ್ಲಿ ಎಡವಿದರೆ ಮದ್ದಿನ ಗುಣ ಕೆಡುತ್ತದೆ. ಹಾಸ್ಟೆಲಿನಲ್ಲಿ ನೀನು ಬಟ್ಟೆ ಒಗೆಯುತ್ತಿದ್ದ ಚಂದ ನಾನು ನೋಡಿದವಳು, ಆದ್ದರಿಂದ ನಿನಗೆ ನೊಮೆಕ್ಸೇ ಸರಿ.

ಈಗ ಸೊಂಟಕ್ಕೆ ಬರುತ್ತೇನೆ. ನೀನು ಹಾರಿಸುವ ಹೆಲಿಕಾಪ್ಟರಿಗೆ ಹಾಕುವುದು ಒಂದು ಬಗೆಯ ಚಿಮಿಣಿ ಎಣ್ಣೆಯೇ ತಾನೇ. ಬಿದ್ದಾಗ ಟ್ಯಾಂಕ್ ಒಡೆದು ಹೊತ್ತಿಕೊಂಡರೆ ಬಟ್ಟೆ ನಿನಗೆ ಕೊಡುವುದು ಕೆಲವೇ ಸೆಕೆಂಡು. ಬೆಲ್ಟ್ ಬಿಚ್ಚಿ ಹೊರಗೆ ಬರಲು ಬೇಕಾದಷ್ಟು. ಎಣ್ಣೆ, ಗ್ಯಾಸ್ ಕಾರ್ಖಾನೆಯವರ ಬಟ್ಟೆಗೆ ಅಮೆರಿಕದಲ್ಲಿ ಎನ್‌ಎಫ್‌ಪಿಎ 2112 ಅಂತ ಒಂದು ಮಾನದಂಡ ಇದೆ. ಗೊಂಬೆಗೆ ಬಟ್ಟೆ ತೊಡಿಸಿ 3 ಸೆಕೆಂಡು ಬೆಂಕಿಯಲ್ಲಿ ನಿಲ್ಲಿಸುತ್ತಾರೆ. ಮೈಯ ಅರ್ಧ ಭಾಗಕ್ಕಿಂತ ಜಾಸ್ತಿ ಸುಡದಿದ್ದರೆ ಪಾಸು. ಅರ್ಧ! ಪಾಸಾದ ಬಟ್ಟೆಯ ಕತೆಯೇ ಇದು. ಹಾಗಿರುವಾಗ ಇರುವುದನ್ನು ನಾವೇ ಯಾಕೆ ಕಡಿಮೆ ಮಾಡಿಕೊಳ್ಳುವುದು?

ಬಟ್ಟೆ ಮೈಗೆ ಅಂಟಿಕೊಂಡಿದ್ದರೆ ಶಾಖ ನೇರ ಚರ್ಮಕ್ಕೆ ಬರುತ್ತದೆ. ನಡುವೆ ಗಾಳಿ ಇದ್ದರೆ ತಡವಾಗುತ್ತದೆ. ಆ ಲೂಸ್ ಇರುವುದು ಅದಕ್ಕೇ. ನಿನಗೆ ಬೇಕೆಂದರೆ ಸೊಂಟದ ಎರಡೂ ಬದಿ ವೆಲ್ಕ್ರೋ ಪಟ್ಟಿ ಇದೆ ನೋಡು, ಅದನ್ನು ಎಳೆದುಕೋ. ಅಷ್ಟು ಸಾಕು.

ಇನ್ನೊಂದು ಕಾರಣ ನನ್ನ ಅಂಗಡಿಯದ್ದು. ನನ್ನ ಹತ್ತಿರ ಇರುವ ರೀಲೆಲ್ಲ ಪಾಲಿಯೆಸ್ಟರ್ ದಾರ. ರವಿಕೆಗೆ, ಚೂಡಿದಾರಕ್ಕೆ ಅದಕ್ಕಿಂತ ಗಟ್ಟಿ ಬೇರೆ ಇಲ್ಲ. ಆದರೆ ನೊಮೆಕ್ಸ್ ಬಟ್ಟೆಗೆ ಅದನ್ನು ಹಾಕಿ ಹೊಲಿದರೆ ಬಟ್ಟೆ ಉಳಿದೀತು, ಹೊಲಿಗೆ ಕರಗಿ ಬಾಯಿ ಬಿಟ್ಟೀತು. ಅದಕ್ಕೆ ಅದೇ ಜಾತಿಯ ದಾರ ಬೇಕು. ಜೇಬಿನ ಮೂಲೆ ಬಿಚ್ಚಿದರೂ ಮುಂಬೈಯ ಯಾವುದೋ ಆಲ್ಟರೇಷನ್ ಅಂಗಡಿಗೆ ಕೊಡಬೇಡ, ಕಂಪೆನಿಯವರಿಗೇ ಕೊಡು. ಜಿಪ್ಪನ್ನೂ ನೋಡಿದೆ. ಹಿತ್ತಾಳೆಯದ್ದು, ಮೈಗೆ ತಾಗದ ಹಾಗೆ ಹಿಂದೆ ಬಟ್ಟೆಯ ಪಟ್ಟಿ ಕೊಟ್ಟಿದ್ದಾರೆ. ಕೆಲಸ ಗೊತ್ತಿದ್ದವರೇ ಹೊಲಿದದ್ದು.

ಅಳತೆ ಮಾತ್ರ ಗಂಡಸರದ್ದು, ಅದರಲ್ಲಿ ನಿನ್ನ ದೂರು ಸರಿ. ಶೋಲ್ಡರ್ ಜಾಸ್ತಿ, ಹಿಪ್ ಕಡಿಮೆ. ಹೆಂಗಸರ ಕಟಿಂಗಿನದ್ದು ಬೇಕು ಅಂತ ಬರೆದು ಕೊಡು, ನಾಚಿಕೆ ಪಡಬೇಡ. ಹಾಕಿ ನೋಡುವಾಗ ಕನ್ನಡಿಯ ಮುಂದೆ ನಿಂತು ನೋಡಬೇಡ. ಕುರ್ಚಿಯಲ್ಲಿ ಕೂರು. ಮೊಣಕಾಲು ಮಡಚು, ಎರಡು ಕೈಯನ್ನೂ ಮೇಲಕ್ಕೆತ್ತು. ಆಗ ತೋಳು ಮೇಲೆ ಸರಿದು ಮಣಿಕಟ್ಟು ಕಂಡರೆ, ಕಾಲು ಮೇಲೆ ಹೋಗಿ ಬೂಟಿನ ಮೇಲೆ ಚರ್ಮ ಕಂಡರೆ ಆ ಸೈಜ್ ಬೇಡ. ಕುತ್ತಿಗೆಯಿಂದ ತೊಡೆಸಂದಿಯವರೆಗೆ ಎಳೆದರೂ ಬೇಡ.

ಜಿಪ್ ಕೆಳಗಿನಿಂದಲೂ ಬಿಚ್ಚುವ ಹಾಗಿರಲಿ. ಬಾತ್‌ರೂಮಿನ ಕಷ್ಟಕ್ಕೆ ಹೆದರಿ ನೀನು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ ಅಂತ ನನಗೆ ಗೊತ್ತು. ಆ ಸೆಕೆಯಲ್ಲಿ ನೀರು ಕುಡಿಯದೆ ಹಾರಿಸಿದರೆ ತಲೆನೋವು ಬರುತ್ತದೆ, ಗಮನವೂ ತಪ್ಪುತ್ತದೆ. ಇಡೀ ಸೂಟ್ ಕಳಚಬೇಕಾಗುವುದೇ ತೊಂದರೆಯಾದರೆ ಅದೇ ಬಟ್ಟೆಯ ಷರ್ಟು, ಪ್ಯಾಂಟು ಬೇರೆ ಬೇರೆ ಇರುವ ಜೋಡಿ ಕೇಳು. ಬಗ್ಗಿದಾಗ ಬೆನ್ನು ಕಾಣದಷ್ಟು ಷರ್ಟು ಉದ್ದ ಇದ್ದರಾಯಿತು.

ಮತ್ತೆ ಒಳಗಿನದ್ದು. ಇದನ್ನು ನಿನ್ನ ಕ್ಯಾಪ್ಟನ್ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ. ಜಿಮ್ಮಿಗೆ ಹಾಕುವ ಸ್ಪೋರ್ಟ್ಸ್ ಬ್ರಾ, ಲೆಗ್ಗಿಂಗ್ಸ್, ಬೆವರು ಒಣಗಿಸುವ ಟೀಷರ್ಟು, ಇವೆಲ್ಲ ಹೆಚ್ಚಾಗಿ ನೈಲಾನ್, ಪಾಲಿಯೆಸ್ಟರ್. ಹೊರಗಿನ ಸೂಟು ಹೊತ್ತದಿದ್ದರೂ ಶಾಖ ಒಳಗೆ ಬಂದರೆ ಇವು ಮೈಮೇಲೇ ಕರಗುತ್ತವೆ. ಒಳಗೆ ಪೂರ್ತಿ ಹತ್ತಿ ಹಾಕು. ಕಾಲುಚೀಲ ಹತ್ತಿಯದ್ದೋ ಉಣ್ಣೆಯದ್ದೋ ಇರಲಿ. ಬೂಟು ಕಾಲಿನ ಗಂಟಿನ ಮೇಲೆ ಬರುವ ಚರ್ಮದ್ದು. ಬಲೆಬಲೆಯಾಗಿ ಗಾಳಿಯಾಡುವ ಶೂ ಹಾಕಲೇಬೇಡ. ಗ್ಲೌಸ್ ತೆಗೆದು ಟ್ಯಾಬ್ ಒತ್ತುವ ಅಭ್ಯಾಸ ಬಿಡು. ಸೆಕೆ ಅಂತ ತೋಳು ಮಡಚುವುದೂ ಬೇಡ. ಮೊನ್ನೆ ನೀನು ಕಳಿಸಿದ ಫೋಟೋದಲ್ಲಿ ಮೊಣಕೈವರೆಗೆ ಮಡಚಿದೆ, ಜೂಮ್ ಮಾಡಿ ನೋಡಿದೆ.

ಬಣ್ಣದ ವಿಷಯ ಒಂದು ಮಾತು. ಮುಂಬೈಯ ಜುಹುವಿನಿಂದ ಎಣ್ಣೆಬಾವಿಗಳಿರುವ ಬಾಂಬೆ ಹೈಗೆ ಸಮುದ್ರದ ಮೇಲೆ ಸುಮಾರು 160 ಕಿಲೋಮೀಟರ್ ಹೋಗುವವಳು ನೀನು. ಕಡುನೀಲಿ, ಹಸಿರು ನೀರಿನಲ್ಲಿ ಕಾಣುವುದೇ ಇಲ್ಲ. ಆಯ್ಕೆ ಕೊಟ್ಟರೆ ಕಿತ್ತಳೆ ತಗೋ, ಚಂದ ಕಾಣದಿದ್ದರೆ ಕಾಣದಿರಲಿ. ಲೈಫ್ ಜಾಕೆಟ್ ಹೇಗೂ ಮೇಲಿರುತ್ತದೆ. ಅದನ್ನು ಹೆಲಿಕಾಪ್ಟರಿನ ಒಳಗೆ ಉಬ್ಬಿಸಬಾರದು ಅನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಅಜ್ಜಿ ಈಗಲೂ ನೀನು "ಆ ಮದ್ದಿನ ಹೆಲಿಕಾಪ್ಟರ್" ಓಡಿಸುತ್ತೀಯ ಅಂತಲೇ ತಿಳಿದಿದ್ದಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಪಡ್ರೆ, ಎಣ್ಮಕಜೆ ಕಡೆಯವರಿಗೆ ಹೆಲಿಕಾಪ್ಟರ್ ಅಂದರೆ ಗೇರುತೋಟದ ಮೇಲೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಡುತ್ತಿದ್ದ ಯಂತ್ರ. 2000ದವರೆಗೂ ಅದು ನಡೆಯಿತು. ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಕೆಳಗಿದ್ದವರ ಮೈಮೇಲೆ ಉಟ್ಟ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವವರಿಗೆ ಅಪ್ಪ ಕೈಗವಸು, ಕನ್ನಡಕ ತಂದುಕೊಟ್ಟರೂ ಅವರು ಅದನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿ ಮರ ಹತ್ತುತ್ತಾರೆ. ಸೆಕೆಯಂತೆ. ನೀನೂ ಅದೇ ಊರಿನವಳು, ಅದಕ್ಕೇ ಇಷ್ಟು ಕೊರೆಯುತ್ತಿದ್ದೇನೆ.

ಒಗೆಯುವಾಗ ಬ್ಲೀಚ್ ಹಾಕಬೇಡ, ಗಂಜಿ ಹಾಕಬೇಡ. ಪರಿಮಳಕ್ಕೆ ಅಂತ ಕೊನೆಯ ನೀರಿಗೆ ಹಾಕುವ ಕಂಡೀಷನರ್ ಕೂಡ ಬೇಡ. ಅದರ ಪಸೆ ನೂಲಿನಲ್ಲಿ ಉಳಿದು ಬೆಂಕಿಗೆ ಎಣ್ಣೆಯಾಗುತ್ತದೆ. ನೆರಳಿನಲ್ಲಿ ಒಣಗಿಸು, ಬಿಸಿಲಿಗೆ ನೊಮೆಕ್ಸಿನ ಬಣ್ಣವೂ ಬಲವೂ ಇಳಿಯುತ್ತದೆ. ಇಂಧನ ಚೆಲ್ಲಿದರೆ ಆಗಲೇ ಬದಲಾಯಿಸು. ಎಣ್ಣೆ ಕುಡಿದ ಬಟ್ಟೆ ನೊಮೆಕ್ಸೇ ಆದರೂ ಮೇಲಿನ ಎಣ್ಣೆ ಉರಿಯುತ್ತದೆ.

ಕಂಪೆನಿಯ ಸೂಟನ್ನು ಇದರೊಟ್ಟಿಗೆ ವಾಪಸ್ ಕಳಿಸಿದ್ದೇನೆ. ನೀಲಿಯದ್ದು ಇಲ್ಲೇ ಇರಲಿ, ಅಪ್ಪನಿಗೆ ಸ್ಕೂಟರ್ ಒರೆಸಲು ಆಗುತ್ತದೆ. ಪಾರ್ಸೆಲಿನಲ್ಲಿ ನಾನು ಹೊಲಿದ ಹತ್ತಿಯ ಬನಿಯನ್‌ಗಳೂ ಇವೆ, ಕಂಕುಳಲ್ಲಿ ಒತ್ತುತ್ತದಾ ನೋಡಿ ಹೇಳು. ಒತ್ತಿದರೆ ಚೆಸ್ಟಿನ ಅಳತೆ ಹೊಸದಾಗಿ ತೆಗೆದು ಕಳಿಸು, ಉಸಿರು ಎಳೆದುಕೊಂಡು ತೆಗೆಯಬೇಡ.

ಅಮ್ಮ