ಗಿರಾಕಿ ಎದ್ದ ಮೇಲೆ ಹಿಸ್ಟರಿ ಅಳಿಸುವುದು ಅಂಗಡಿಯವರ ಕೆಲಸ

ಮಾನ್ಯ ಸಂಪಾದಕರೇ,

ಆನ್‌ಲೈನ್ ಮೋಸದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಎಚ್ಚರಿಕೆ ಬರುತ್ತದೆ. ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಇವನ್ನೆಲ್ಲ ಕತ್ತರಿಸಿ ನನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಆದರೆ ಒಂದು ವಿಷಯವನ್ನು ಯಾರೂ ಬರೆಯುವುದಿಲ್ಲ. ಹತ್ತಾರು ಜನ ಕೂರುವ ಕಂಪ್ಯೂಟರಿನಲ್ಲಿ ಒಬ್ಬರು ಹುಡುಕಿದ್ದು ಮುಂದೆ ಕೂತವರಿಗೆ ಕಾಣುತ್ತದೆ. ಅದಕ್ಕಾಗಿ ಈ ಕಾಗದ.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಬಸ್ ನಿಲ್ದಾಣದ ಹತ್ತಿರ ನಾನು ಸೈಬರ್ ಸೆಂಟರ್ ನಡೆಸುತ್ತೇನೆ. ಜೆರಾಕ್ಸ್, ಲ್ಯಾಮಿನೇಷನ್, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಸ್ಕಾಲರ್‌ಶಿಪ್, ಸಿಇಟಿ, ಎಲ್ಲ ಕೆಲಸವೂ ಇದೆ. ಎಲ್ಲರ ಕೈಗೂ ಮೊಬೈಲ್ ಬಂತು, ಇನ್ನು ಸೈಬರ್ ಸೆಂಟರಿಗೆ ಯಾರು ಬರ್ತಾರೆ ಎಂದು ಬೆಂಗಳೂರಿನ ನೆಂಟರು ಕೇಳುತ್ತಾರೆ. ಬರುತ್ತಾರೆ. ಉದ್ದದ ಅರ್ಜಿಯನ್ನು ಮೊಬೈಲಿನಲ್ಲಿ ತುಂಬಲಾಗದವರು ಬರುತ್ತಾರೆ. ಪ್ರಿಂಟ್ ಬೇಕಾದವರು ಬರುತ್ತಾರೆ. ಇನ್ನೂ ಒಂದು ಬಗೆಯವರಿದ್ದಾರೆ. ಅವರ ಮನೆಯಲ್ಲಿ ಫೋನ್ ಇರುತ್ತದೆ. ಆದರೆ ಅದು ಗಂಡನದ್ದು, ಇಲ್ಲವೇ ಅಣ್ಣನದ್ದು, ಇಲ್ಲವೇ ಮನೆಮಂದಿಯೆಲ್ಲ ತೆಗೆದು ನೋಡುವಂಥದ್ದು. ಅದರಲ್ಲಿ ಹುಡುಕಲಾಗದ್ದನ್ನು ಇಲ್ಲಿ ಹುಡುಕುತ್ತಾರೆ. ಇವರಲ್ಲಿ ಹೆಂಗಸರೇ ಜಾಸ್ತಿ. ಕೌಂಟರಿನಲ್ಲಿ ಹೆಂಗಸೊಬ್ಬಳು ಕೂತಿದ್ದಾಳೆ ಅನ್ನುವ ಧೈರ್ಯ ಅವರಿಗೆ. ಆ ಧೈರ್ಯಕ್ಕೆ ನಾನು ತಕ್ಕವಳಾಗಿರಬೇಕು ಅಲ್ವಾ?

ಬೇರೆ ಊರಿನ ಒಂದು ಸೇವಾ ಕೇಂದ್ರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಆ ಹೆಣ್ಣುಮಗಳು ನನಗೆ ಬೇಕಾದವಳು. ಯಾರೆಂದು ಗೊತ್ತಾಗದಷ್ಟನ್ನೇ ಬರೆಯುತ್ತೇನೆ. ಗಂಡ ಹೊಡೆಯುತ್ತಿದ್ದ. ದೂರು ಎಲ್ಲಿ ಕೊಡಬೇಕು, ಕೊಟ್ಟರೆ ಮಗು ಯಾರ ಹತ್ತಿರ ಉಳಿಯುತ್ತದೆ, ಮನೆಯಿಂದ ಹೊರಗೆ ಹಾಕಿಬಿಡುತ್ತಾರಾ ಎಂದು ಅವಳು ತಿಳಿಯಬೇಕಿತ್ತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಡತಿಗೆ ಆ ಮನೆಯಲ್ಲೇ ವಾಸ ಮಾಡುವ ಹಕ್ಕು ಕೊಡುತ್ತದೆ. ಅವಳು ಅಲ್ಲಿ ಕೂತು ಓದಿದ್ದು ಅದನ್ನೇ. ದುಡ್ಡು ಕೊಟ್ಟಳು, ತೆರೆದಿದ್ದ ಪುಟಗಳನ್ನು ಮುಚ್ಚಿದಳು, ಎದ್ದು ಬಂದಳು. ಸ್ಕ್ರೀನ್ ಖಾಲಿಯಾಗಿತ್ತು. ಮುಗಿಯಿತು ಎಂದುಕೊಂಡಳು.

ಅವಳು ಎದ್ದ ಮೇಲೆ ಗಂಡನ ಕಡೆಯ ಹುಡುಗನೊಬ್ಬ ಅದೇ ಕಂಪ್ಯೂಟರಿಗೆ ಬಂದು ಕೂತ. ಅವಳು ಹೊರಗೆ ಹೋಗುವುದನ್ನು ಅವನು ನೋಡಿದ್ದ. ಅವನು ತನ್ನದೇ ಏನೋ ಹುಡುಕಲು ಒಂದೆರಡು ಅಕ್ಷರ ಒತ್ತಿದ. ಅಷ್ಟಕ್ಕೇ ಅವಳು ಕೇಳಿದ್ದ ಪ್ರಶ್ನೆಗಳು ಸಾಲಾಗಿ ಕೆಳಗೆ ಬಂದವು. ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿತು. ಆ ರಾತ್ರಿ ಏನಾಯಿತೆಂದು ನಾನು ಬರೆಯಬೇಕಿಲ್ಲ. ಈಗ ಅವಳು ತವರಿನಲ್ಲಿದ್ದಾಳೆ.

ಆ ಕೇಂದ್ರದವರನ್ನು ನಾನೇ ಹೋಗಿ ಕೇಳಿದೆ. 'ಅವರೇ ಅಳಿಸಿ ಹೋಗಬೇಕಿತ್ತು ಮೇಡಂ, ನಾವೇನು ಮಾಡೋಣ' ಎಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೋಟೆಲಿನಲ್ಲಿ ಕಾಫಿ ಕುಡಿದವರು ಲೋಟ ತೊಳೆದಿಟ್ಟು ಹೋಗಬೇಕು ಎಂದು ಯಾರಾದರೂ ಹೇಳುತ್ತಾರಾ? ಕಂಪ್ಯೂಟರ್ ಅಂಗಡಿಯದ್ದು. ಗಂಟೆಗಿಷ್ಟು ಎಂದು ದುಡ್ಡು ಎಣಿಸುವವರು ನಾವು. ಅದರಲ್ಲಿ ಏನು ಉಳಿಯುತ್ತದೆ ಎಂದು ಗೊತ್ತಿರುವವರೂ ನಾವೇ. ಬಂದವರಲ್ಲಿ ಎಷ್ಟೋ ಜನಕ್ಕೆ ಮೌಸ್ ಹಿಡಿಯುವುದೇ ಹೊಸದು. ಅವರು ಬಂದು ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಲಿ ಎಂದರೆ ಹೇಗೆ?

ಏನು ಉಳಿಯುತ್ತದೆ ಎಂದು ಓದುಗರಿಗೆ ಹೇಳಬೇಕು. ಬ್ರೌಸರ್, ಅಂದರೆ ಇಂಟರ್‌ನೆಟ್ ಪುಟ ತೆರೆಯುವ ಕ್ರೋಮ್‌ನಂಥ ಸಾಫ್ಟ್‌ವೇರ್, ತಾನು ತೆರೆದ ಪುಟಗಳ ಪಟ್ಟಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಹಿಸ್ಟರಿ ಎನ್ನುವುದು. ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಆ ಪಟ್ಟಿ ದಿನಾಂಕ, ಹೊತ್ತು ಸಮೇತ ತೆರೆಯುತ್ತದೆ. ಕ್ರೋಮ್‌ನಲ್ಲಿ 90 ದಿನಗಳವರೆಗಿನದು ಸಿಗುತ್ತದೆ. ಅಂದರೆ ಇವತ್ತು ಕೂತವರು ಮೂರು ತಿಂಗಳ ಹಿಂದೆ ಅಲ್ಲಿ ಕೂತವರ ಕಾಯಿಲೆ, ಸಾಲ, ಸಂಸಾರ ಎಲ್ಲ ಓದಬಹುದು. ಓದುವ ಉದ್ದೇಶವೇ ಬೇಕಿಲ್ಲ. ಮೇಲ್ಗಡೆ ವಿಳಾಸ ಬರೆಯುವ ಜಾಗದಲ್ಲಿ ಅಕ್ಷರ ಬೀಳುತ್ತಿದ್ದಂತೆ ಬ್ರೌಸರೇ ಹಳೆಯದನ್ನು ಎತ್ತಿ ಕೊಡುತ್ತದೆ. ಇದನ್ನು ಸಹಾಯ ಎಂದೇ ಮಾಡಿದ್ದಾರೆ. ಒಬ್ಬರೇ ಬಳಸುವ ಕಂಪ್ಯೂಟರಿಗೆ ಅದು ಸಹಾಯವೇ. ನಮ್ಮಂಥ ಕಡೆ ಅದೇ ಕುತ್ತು.

ಅಳಿಸುವುದು ಕಷ್ಟವಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರಕ್ಕೂ ಒಂದೇ ಕೀಲಿ. ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಒಂದು ಚೌಕ ತೆರೆಯುತ್ತದೆ. ಎಷ್ಟು ಹಿಂದಿನವರೆಗೆ ಅಳಿಸಬೇಕು ಎಂದು ಅಲ್ಲಿ ಕೇಳುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ. ಹೆಚ್ಚಾಗಿ ಅಲ್ಲಿ ಸ್ವಲ್ಪ ಹೊತ್ತಿನದಷ್ಟೇ ಆಯ್ಕೆಯಾಗಿರುತ್ತದೆ. ಹಾಗೇ ಒತ್ತಿದರೆ ಈಚಿನದು ಹೋಗಿ ಹಳೆಯದೆಲ್ಲ ಉಳಿಯುತ್ತದೆ. ಎಲ್ಲ ಸಮಯ ಎಂದು ಬದಲಿಸಬೇಕು. ಜೊತೆಗೆ ಕುಕೀಸ್ (ಸೈಟುಗಳು ಕಂಪ್ಯೂಟರಿನಲ್ಲಿ ಉಳಿಸುವ ಗುರುತು), ತಾನಾಗಿ ತುಂಬುವ ಹೆಸರು, ವಿಳಾಸ, ಫೋನ್ ನಂಬರ್ ಇವಕ್ಕೂ ಗುರುತು ಹಾಕಬೇಕು. ಉಳಿಸಿದ ಪಾಸ್‌ವರ್ಡ್ ಆ ಚೌಕದಲ್ಲಿ ಇಲ್ಲದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಬೇರೆಯಾಗಿ ಅಳಿಸಬೇಕು. ಇಡೀ ಪಟ್ಟಿ ಬೇಡ, ಅಕ್ಷರ ಒತ್ತಿದಾಗ ಕೆಳಗೆ ಬರುವ ಸಾಲುಗಳಲ್ಲಿ ಒಂದೇ ಸಾಲು ಹೋಗಲಿ ಎಂದರೆ ಕೆಳಬಾಣದ ಕೀಲಿಯಿಂದ ಆ ಸಾಲಿಗೆ ಇಳಿದು ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರಾಯಿತು.

ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಕ್ರೋಮ್‌ನಲ್ಲಿ ಬಲಗಡೆ ಮೇಲಿರುವ ಚಿತ್ರ ಒತ್ತಿ ಗೆಸ್ಟ್ ಆರಿಸಿದರೆ, ಆ ಕಿಟಕಿಗಳನ್ನೆಲ್ಲ ಮುಚ್ಚಿದ ಕೂಡಲೇ ಹಿಸ್ಟರಿ ಹೋಗುತ್ತದೆ. ಫೈರ್‌ಫಾಕ್ಸ್ ಮತ್ತು ಎಡ್ಜ್‌ನಲ್ಲಿ ಬ್ರೌಸರ್ ಮುಚ್ಚಿದಾಗಲೆಲ್ಲ ತಾನೇ ಅಳಿಸಿಕೊಳ್ಳುವ ಹಾಗೆ ಸೆಟ್ಟಿಂಗ್ಸ್ ಇದೆ. ಒಮ್ಮೆ ಮಾಡಿಟ್ಟರೆ ಸಾಕು. ಆದರೂ ಗಿರಾಕಿ ಎದ್ದ ಮೇಲೆ ನಾನು ಒಮ್ಮೆ ಹೋಗಿ ಎಲ್ಲ ಕಿಟಕಿ ಮುಚ್ಚಿದೆಯಾ ಎಂದು ನೋಡುತ್ತೇನೆ. ಒಂದು ಮುಚ್ಚದೆ ಉಳಿದರೂ ಅಳಿಯುವುದಿಲ್ಲ.

ಇದರ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಬ್ರೌಸರಿನಲ್ಲಿ ಅಳಿಸಿದರೆ ಆ ಕಂಪ್ಯೂಟರಿನ ಪಟ್ಟಿ ಹೋಗುತ್ತದೆ. ಗೂಗಲ್ ಖಾತೆಗೆ ಲಾಗಿನ್ ಆಗಿ ಹುಡುಕಿದ್ದರೆ ಖಾತೆಯಲ್ಲಿ ಬೇರೆ ಪಟ್ಟಿ ಇರಬಹುದು. ಮೈ ಆಕ್ಟಿವಿಟಿ ಎಂಬ ಪುಟಕ್ಕೆ ಹೋಗಿ ಅದನ್ನು ಬೇರೆಯಾಗಿ ಅಳಿಸಬೇಕು. 3, 18 ಅಥವಾ 36 ತಿಂಗಳಾದ ಮೇಲೆ ತಾನಾಗಿ ಅಳಿಯುವ ಹಾಗೂ ಅಲ್ಲಿ ಮಾಡಬಹುದು. ಹಿಸ್ಟರಿ ಉಳಿಸದೆ ಪುಟ ತೆರೆಯುವ ಇನ್‌ಕಾಗ್ನಿಟೊ ಕಿಟಕಿಯೂ ಅಷ್ಟೇ. ಮುಂದೆ ಕೂರುವವರಿಗೆ ಕಾಣದ ಹಾಗೆ ಮಾಡುತ್ತದೆ, ಇಂಟರ್‌ನೆಟ್ ಕೊಡುವ ಕಂಪನಿಗೆ ಮತ್ತು ನಾವು ಹೋದ ಸೈಟಿಗೆ ಕಾಣದ ಹಾಗೆ ಮಾಡುವುದಿಲ್ಲ. ಇನ್‌ಕಾಗ್ನಿಟೊದಲ್ಲಿ ನೋಡಿದ್ದನ್ನೂ ಸೇರಿಸಿಡುತ್ತಿದೆ ಎಂದು ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಜನ ಮೊಕದ್ದಮೆ ಹೂಡಿದರು. 2024ರಲ್ಲಿ ರಾಜಿಯಾಗಿ, ಹಾಗೆ ಸೇರಿಸಿಟ್ಟಿದ್ದ ದಾಖಲೆಗಳನ್ನು ನಾಶ ಮಾಡಲು ಗೂಗಲ್ ಒಪ್ಪಿಕೊಂಡಿತು.

ಖಾತೆಯ ಮಾತು ಬಂದಿದ್ದಕ್ಕೆ ಇನ್ನೊಂದು. ಅಂಗಡಿಯ ಕ್ರೋಮ್‌ಗೆ ತಮ್ಮ ಖಾತೆ ಹಾಕಿ ಸಿಂಕ್ (ಒಂದೇ ಖಾತೆಯ ಎಲ್ಲ ಸಾಧನಗಳಿಗೂ ಮಾಹಿತಿ ಹಂಚುವುದು) ಒಪ್ಪಿಕೊಂಡರೆ, ಇಲ್ಲಿ ಹುಡುಕಿದ್ದು ಮನೆಯ ಫೋನಿನ ಹಿಸ್ಟರಿಯಲ್ಲೂ ಕಾಣಬಹುದು. ಯಾರ ಕಣ್ಣು ತಪ್ಪಿಸಲು ಇಲ್ಲಿಯವರೆಗೆ ಬಂದಳೋ ಅವರ ಕೈಗೇ ಅದು ಸಿಗುತ್ತದೆ. ಆದ್ದರಿಂದ ನನ್ನ ಅಂಗಡಿಯಲ್ಲಿ ಬ್ರೌಸರಿಗೆ ಖಾತೆ ಸೇರಿಸಲು ಬಿಡುವುದಿಲ್ಲ. ಮೇಲ್ ನೋಡಬೇಕಾದರೆ ಗೆಸ್ಟ್ ಕಿಟಕಿಯಲ್ಲಿ ನೋಡಲಿ.

ಮುಚ್ಚಿಡುವುದು ಇದ್ದವರು ಮಾತ್ರ ಅಳಿಸುತ್ತಾರೆ ಎಂದು ವಾದ ಮಾಡುವವರನ್ನು ದಿನಾ ನೋಡುತ್ತೇನೆ. ಅವರಿಗೆ ನಾನು 2006ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಹೇಳುತ್ತೇನೆ. ಎಒಎಲ್ ಎಂಬ ಕಂಪನಿ ಸುಮಾರು ಆರೂವರೆ ಲಕ್ಷ ಜನ ಮೂರು ತಿಂಗಳಲ್ಲಿ ಹುಡುಕಿದ್ದನ್ನು ಸಂಶೋಧಕರಿಗಾಗಿ ಬಹಿರಂಗವಾಗಿ ಇಟ್ಟಿತು. ಹೆಸರು ತೆಗೆದು ನಂಬರ್ ಹಾಕಿತ್ತು. ಆದರೂ ಒಂದು ನಂಬರಿನ ಹಿಂದೆ ಇದ್ದವರನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಪತ್ತೆ ಮಾಡಿಬಿಟ್ಟರು. ಆಕೆ ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನ ವಿಧವೆ. ಬೆರಳು ಜೋಮು ಹಿಡಿಯುವುದು, ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವ ನಾಯಿ, ಇಂಥವನ್ನು ಹುಡುಕಿದ್ದರು. ಇದರಲ್ಲಿ ಏನು ಅಪರಾಧ ಇದೆ? ಏನೂ ಇಲ್ಲ. ಆದರೆ ಒಬ್ಬರ ಒಳಮನೆ ಬೀದಿಗೆ ಬಂದಂತಾಯಿತು. ನ್ಯೂಯಾರ್ಕಿನ ಪತ್ರಕರ್ತರು ಹೆಸರಿಲ್ಲದ ಪಟ್ಟಿಯಿಂದಲೇ ಮನುಷ್ಯರನ್ನು ಹುಡುಕಿದರು. ನಮ್ಮ ಊರಿನಲ್ಲಿ ಅಷ್ಟು ಕಷ್ಟವೂ ಬೇಡ. ಯಾರು ಎದ್ದು ಹೋದರು ಎಂದು ಬಾಗಿಲಲ್ಲಿ ನಿಂತವರಿಗೇ ಗೊತ್ತಿರುತ್ತದೆ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಅವರು ಎಲ್ಲರಿಗಾಗಿ ಗೆದ್ದುಕೊಟ್ಟಿದ್ದು ನಮ್ಮ ಬಸ್ ನಿಲ್ದಾಣದ ಅಂಗಡಿಗೂ ಮುಟ್ಟಬೇಕು ಎಂಬುದು ನನ್ನ ಆಸೆ.

ಮಕ್ಕಳ ವಿಷಯ ಬೇರೆ. ಹತ್ತು ವರ್ಷದ ಮಗು ಏನು ನೋಡುತ್ತಿದೆ ಎಂದು ಅಪ್ಪ ಅಮ್ಮ ನೋಡಲೇಬೇಕು. ಆದರೆ ಡಿಗ್ರಿ ಓದುವ ಮಗಳು ಹುಡುಕಿದ್ದನ್ನು ತೋರಿಸಿ ಎಂದು ನನ್ನನ್ನು ಕೇಳಲು ಬಂದ ತಂದೆಗೆ ಆಗುವುದಿಲ್ಲ ಎಂದಿದ್ದೇನೆ. ಮತ್ತೆ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಈಗ ಕಾನೂನಿನ ಮಾತು. ನನ್ನ ಜೊತೆಯ ಅಂಗಡಿಯವರು ಹಿಸ್ಟರಿ ಅಳಿಸದಿರಲು ಇದನ್ನೇ ನೆಪ ಹೇಳುತ್ತಾರೆ. ಸೈಬರ್ ಕೆಫೆಗಳಿಗೆಂದು ಕೇಂದ್ರ ಸರ್ಕಾರ 2011ರಲ್ಲಿ ನಿಯಮ ಮಾಡಿದೆ. ಬಂದವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರ್ ಬರೆಯಬೇಕು. ತೆರೆದ ವೆಬ್‌ಸೈಟುಗಳ ದಾಖಲೆಯ ಬ್ಯಾಕಪ್ ಕಡಿಮೆ ಎಂದರೆ ಒಂದು ವರ್ಷ ಇಡಬೇಕು. ನಿಜ. ನಾನೂ ಇಡುತ್ತೇನೆ. ಅದು ಕೌಂಟರಿನ ಕಂಪ್ಯೂಟರಿನಲ್ಲಿ, ಪಾಸ್‌ವರ್ಡ್ ಹಾಕಿ ಇದೆ. ಪೊಲೀಸರೋ ಅಧಿಕಾರಿಗಳೋ ನಿಯಮದ ಪ್ರಕಾರ ಕೇಳಿದರೆ ಕೊಡುತ್ತೇನೆ. ಆ ದಾಖಲೆಯನ್ನು ಗಿರಾಕಿ ಕೂರುವ ಕಂಪ್ಯೂಟರಿನಲ್ಲೇ ತೆರೆದಿಡಬೇಕು ಎಂದು ನಿಯಮ ಎಲ್ಲೂ ಹೇಳಿಲ್ಲ. ಸರ್ಕಾರಕ್ಕೆ ಇಡುವ ದಾಖಲೆ ಬೇರೆ, ಪಕ್ಕದ ಮನೆಯವರಿಗೆ ಸಿಗುವ ಪಟ್ಟಿ ಬೇರೆ. ಎರಡನ್ನೂ ಒಂದು ಮಾಡಿ ಸುಮ್ನೆ ಕೂರುವುದು ಸೋಮಾರಿತನ. ನಾನು ದಾಖಲೆ ಇಡುತ್ತೇನೆ ಎಂಬುದನ್ನೂ ಬಂದವರಿಗೆ ಮೊದಲೇ ಹೇಳುತ್ತೇನೆ. ತಿಳಿದು ಕೂರುವುದು ಅವರ ಹಕ್ಕು.

ಹಿಸ್ಟರಿಯ ಜೊತೆಗೆ ಉಳಿಯುವ ಇನ್ನೆರಡು ಇವೆ. ಒಂದು ಡೌನ್‌ಲೋಡ್ಸ್ ಫೋಲ್ಡರ್. ಪ್ರಿಂಟಿಗೆಂದು ಇಳಿಸಿದ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಅಲ್ಲೇ ಬಿದ್ದಿರುತ್ತವೆ. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಊರಿನವರಿಗೆ ಅದನ್ನು ಊಹಿಸುವುದು ಏನು ಕಷ್ಟ? ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು. ಇನ್ನೊಂದು ವಾಟ್ಸ್ಆ್ಯಪ್ ವೆಬ್. ಪ್ರಿಂಟ್ ತೆಗೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಲಾಗ್ ಔಟ್ ಮಾಡದೆ ಹೋಗಿಬಿಡುತ್ತಾರೆ. ಮನೆಗೆ ಹೋದ ಮೇಲೆ ನೆನಪಾದರೂ ಭಯ ಬೇಡ. ಫೋನಿನ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಂಬಲ್ಲಿಗೆ ಹೋಗಿ ಅಲ್ಲಿಂದಲೇ ಲಾಗ್ ಔಟ್ ಮಾಡಬಹುದು.

ಇದು ಸೈಬರ್ ಸೆಂಟರಿಗೆ ಮಾತ್ರ ಸೇರಿದ ವಿಷಯವಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿಯೂ ಕಂಪ್ಯೂಟರ್ ಬಂದಿದೆ. ಕಾಲೇಜುಗಳ ಲ್ಯಾಬ್ ಇದೆ, ಹಾಸ್ಟೆಲ್‌ಗಳಿವೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯವರಲ್ಲಿ, ಕಾಲೇಜಿನವರಲ್ಲಿ ನನ್ನ ಬೇಡಿಕೆ ಇಷ್ಟೇ. ಸಾರ್ವಜನಿಕರು ಕೂರುವ ಪ್ರತಿ ಕಂಪ್ಯೂಟರಿನಲ್ಲೂ ಮುಚ್ಚಿದ ಕೂಡಲೇ ಅಳಿಯುವ ಹಾಗೆ ಸೆಟ್ಟಿಂಗ್ಸ್ ಮಾಡಿಸಿ. ನೋಡಿಕೊಳ್ಳುವವರಿಗೆ ಅರ್ಧ ದಿನದ ತರಬೇತಿ ಕೊಡಿ. ಇದಕ್ಕೆ ಹೊಸ ಯಂತ್ರ ಬೇಡ, ಟೆಂಡರ್ ಬೇಡ. ಸಂಪಾದಕರಲ್ಲಿ ಒಂದು ಕೋರಿಕೆ. ಅಳಿಸುವ ವಿಧಾನವನ್ನು ಚಿತ್ರ ಸಮೇತ ಒಮ್ಮೆ ದೊಡ್ಡದಾಗಿ ಅಚ್ಚು ಮಾಡಿ. ಜೊತೆಗೆ ಮಹಿಳಾ ಸಹಾಯವಾಣಿ 181 ಕೂಡ ಇರಲಿ.

ನನ್ನ ಅಂಗಡಿಯಲ್ಲಿ ಪ್ರತಿ ಕಂಪ್ಯೂಟರಿನ ಮೇಲೂ ಒಂದು ಚೀಟಿ ಲ್ಯಾಮಿನೇಟ್ ಮಾಡಿ ಅಂಟಿಸಿದ್ದೇನೆ. ಬೇರೆ ಅಂಗಡಿಯವರು ಬೇಕಾದರೆ ಇದನ್ನೇ ಬರೆದುಕೊಳ್ಳಬಹುದು. 'ನೀವು ಎದ್ದ ಮೇಲೆ ಈ ಕಂಪ್ಯೂಟರಿನ ಹಿಸ್ಟರಿ, ಪಾಸ್‌ವರ್ಡ್, ಡೌನ್‌ಲೋಡ್ ಎಲ್ಲವನ್ನೂ ನಾವು ಅಳಿಸುತ್ತೇವೆ. ಬೇಕಿದ್ದರೆ ನಿಮ್ಮ ಎದುರಿಗೇ ಅಳಿಸುತ್ತೇವೆ, ಕೇಳಿ. ಯಾವ ವೆಬ್‌ಸೈಟ್ ತೆರೆದಿರಿ ಎಂಬ ದಾಖಲೆ ಸರ್ಕಾರದ ನಿಯಮದಂತೆ ಒಂದು ವರ್ಷ ನಮ್ಮಲ್ಲಿ ಇರುತ್ತದೆ. ಅದನ್ನು ಮನೆಯವರಿಗಾಗಲಿ, ನೆರೆಯವರಿಗಾಗಲಿ ತೋರಿಸುವುದಿಲ್ಲ.'

ದಯವಿಟ್ಟು ನನ್ನ ಹೆಸರು ಮತ್ತು ಊರನ್ನು ಪ್ರಕಟಿಸಬೇಡಿ. ನನ್ನ ಹೆಸರು ಗೊತ್ತಾದರೆ ಆ ಹೆಣ್ಣುಮಗಳು ಯಾರೆಂದು ಜನ ಹುಡುಕಲು ಶುರು ಮಾಡುತ್ತಾರೆ.

ಸೈಬರ್ ಸೆಂಟರ್ ನಡೆಸುವ ಮಹಿಳೆ,
ಹಾಸನ ಜಿಲ್ಲೆ