ಪುಡಿಯಾದರೆ ಅನ್ನುವ ನಿನ್ನ ಭಯ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಹಳೇ ಬಟ್ಟೆ ಕಾಪಾಡುವ ಕೆಲಸ ಕಲಿಯಲು ಅಷ್ಟು ದೂರ ಹೋದವಳು ನೀನು. ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. "ಸಾವಿರ ವರ್ಷ ಉಳಿದ ಬಟ್ಟೆ ನನ್ನ ಕೈಯಲ್ಲಿ ಪುಡಿಯಾದರೆ?" ಅಂದಿದ್ದೀಯ. ನಿದ್ದೆ ಬರುತ್ತಿಲ್ಲ ಅಂತಲೂ ಬರೆದಿದ್ದೀಯ.

ನೀನು ಹೇಳಿದ ಗ್ಯಾಲೊವೇ ನಿಧಿಯ ಬಗ್ಗೆ ಓದಿದೆ. ಸುಮಾರು ಕ್ರಿ.ಶ. 900ರಲ್ಲಿ, ವೈಕಿಂಗರ ಕಾಲದಲ್ಲಿ ಹೂತದ್ದು, 2014ರಲ್ಲಿ ಸ್ಕಾಟ್ಲೆಂಡಿನ ಹೊಲವೊಂದರಲ್ಲಿ ಸಿಕ್ಕಿತು. ಬೆಳ್ಳಿ ಬಳೆ, ಬೆಳ್ಳಿ ಗಟ್ಟಿ ಎಲ್ಲ ಇವೆ. ನಾನು ಮತ್ತೆ ಮತ್ತೆ ನೋಡಿದ್ದು ಆ ಮುಚ್ಚಳದ ಪಾತ್ರೆಯನ್ನು. ಅದರ ಮೈಗೆ ಉಣ್ಣೆ ಬಟ್ಟೆ ಅಂಟಿಕೊಂಡೇ ಇದೆ, ನೇಯ್ಗೆ ಕಾಣುತ್ತದೆ. ಹೂಳುವ ಹೊತ್ತಿಗೇ ಆ ಉಣ್ಣೆಗೆ ನೂರು ವರ್ಷ ದಾಟಿತ್ತಂತೆ! ಮಣ್ಣಿನಲ್ಲಿ ಬಟ್ಟೆ ಬೇಗ ಕೊಳೆಯುತ್ತದೆ. ಇಲ್ಲಿ ಬೆಳ್ಳಿ, ತಾಮ್ರದ ಕಿಲುಬು ನೂಲಿನೊಳಗೆ ಇಳಿದು ಸೂಕ್ಷ್ಮಜೀವಿಗಳನ್ನು ದೂರ ಇಟ್ಟಿದೆ. ಬೆಳ್ಳಿಯೇ ಬಟ್ಟೆಯನ್ನು ಕಾಪಾಡಿದೆ.

ನಮ್ಮ ಮನೆಯಲ್ಲಿ ಆದದ್ದು ಉಲ್ಟಾ. ಆ ಕಷ್ಟದ ವರ್ಷದ ಕಥೆ ನಿನಗೆ ಗೊತ್ತೇ ಇದೆ. ಹಳೇ ಜರಿ ಕೊಳ್ಳುವವನು ನಿನ್ನ ಅಜ್ಜಿಯ ಧಾರೆ ಸೀರೆಯ ಅಂಚು, ಸೆರಗು ಕತ್ತರಿಸಿ ಅಂಗಳದಲ್ಲೇ ಸುಟ್ಟ. ಕೂದಲು ಸುಟ್ಟ ಹಾಗೆ ವಾಸನೆ. ಬೂದಿಯಿಂದ ಬೆಳ್ಳಿ ಹೆಕ್ಕಿ ತೂಗಿದ. ಅಮ್ಮ ಹೊರಗೆ ಬರಲೇ ಇಲ್ಲ. ಆ ಸೆರಗಿನ ಬಣ್ಣ ಯಾವುದೆಂದು ನನಗೀಗ ನೆನಪಿಲ್ಲ ಪುಟ್ಟಿ. ಕೇಳೋಣ ಅಂದರೆ ಅವಳೂ ಇಲ್ಲ.

ಪುಡಿಯಾದರೆ ಅನ್ನುವ ನಿನ್ನ ಭಯ ಆ ದಿನ ನಮ್ಮ ಅಂಗಳದಲ್ಲಿ ಒಬ್ಬರಿಗೂ ಇರಲಿಲ್ಲ. ಅದು ನಿನಗಿದೆ ಅನ್ನುವುದೇ ನನಗೆ ಸಮಾಧಾನ. ಆದರೆ ನಿದ್ದೆ ಬಿಡುವಷ್ಟು ಬೇಡಮ್ಮ.

ಆ ಪಾತ್ರೆಯ ಬಟ್ಟೆಯನ್ನು ಅಲ್ಲಿಯವರು ಬಿಚ್ಚಲೇ ಇಲ್ಲ, ಅಲ್ವಾ? ಎಕ್ಸ್‌ರೇ ತೆಗೆದು, ಅಡಿಯಲ್ಲಿದ್ದ ಹುಲಿ ಚಿರತೆಗಳ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಮೂಡಿಸಿಕೊಂಡರು. ಅಷ್ಟು ತಿಳಿದವರೇ ಮುಟ್ಟದೆ ಬಿಟ್ಟಿದ್ದಾರೆ. ನಿನಗೂ ಧೈರ್ಯ ಸಾಲದಿದ್ದರೆ "ಇವತ್ತು ಬೇಡ" ಅಂತ ಮೇಷ್ಟ್ರಿಗೆ ಹೇಳು. ನಿನ್ನ ಕೆಲಸದ ಬಗ್ಗೆ ನಾನು ಹೇಳುವುದು ಜಾಸ್ತಿಯಾಯಿತೋ ಏನೋ. ಕೈ ನಡುಗಿದರೆ ಚಿಮಟ ಕೆಳಗಿಡು. ಊಟ ಬಿಟ್ಟು ಕೂರಬೇಡ. ಎಷ್ಟು ಜೋಪಾನ ಮಾಡಿದರೂ ಒಂದೆರಡು ಎಳೆ ಉದುರಬಹುದು. ಹೆದರಿ ಮುಚ್ಚಿಡಬೇಡ. ಎತ್ತಿಟ್ಟು, ಎಲ್ಲಿಯದೆಂದು ಬರೆದಿಡು. ಬಣ್ಣ, ವಯಸ್ಸು ಪರೀಕ್ಷೆ ಮಾಡಲು ಸಣ್ಣ ಎಳೆಯೂ ಸಾಕಾಗುತ್ತದಂತೆ.

ನಿನಗೆ ನಡುರಾತ್ರಿ ಎಚ್ಚರವಾದರೆ ಇಲ್ಲಿ ಬೆಳಗಿನ ಜಾವ. ನಾನು ಎದ್ದಿರುತ್ತೇನೆ, ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ